ಕಾರು ಗದಗದಲ್ಲಿ, ಚಂದಾ ಪುಣೆಯಲ್ಲಿ

ಕಾರು ಕಂಪನಿಯಿಂದ ಒಂದು ಸಂದೇಶ ಬಂತು. ‘ನಿಮ್ಮ ಕನೆಕ್ಟೆಡ್ ಸೇವೆಯ ಉಚಿತ ಅವಧಿ 30 ದಿನಗಳಲ್ಲಿ ಮುಗಿಯಲಿದೆ, ಈಗಲೇ ನವೀಕರಿಸಿ’. ತೆರಿಗೆ ಸೇರಿ ವರ್ಷಕ್ಕೆ ಮೂರು ಸಾವಿರ ರೂಪಾಯಿ ಆಸುಪಾಸು. ಮೂರು ವರ್ಷದ್ದು ಒಟ್ಟಿಗೆ ಕಟ್ಟಿದರೆ ಸ್ವಲ್ಪ ರಿಯಾಯಿತಿ. ಪುಣೆಯಲ್ಲಿ ಮನೆಮಂದಿಯೆಲ್ಲ ಒಂದು ಸಿನಿಮಾ ನೋಡಿ, ಹೊರಗೆ ಊಟ ಮಾಡಿ ಬಂದರೆ ಅಷ್ಟಾಗುತ್ತದೆ, ಕಟ್ಟಿಬಿಡೋಣ ಎಂದು ಕಾರ್ಡ್ ನಂಬರ್ ಹಾಕಲು ಹೊರಟವನು ಅರ್ಧಕ್ಕೇ ನಿಂತೆ. ಯಾಕೆಂದರೆ ಆ ಕಾರನ್ನು ಓಡಿಸುವವನು ನಾನಲ್ಲ, ನಮ್ಮಪ್ಪ.

ಮೂರು ವರ್ಷದ ಹಿಂದೆ ಸಾಲ ಮಾಡಿ ಕೊಂಡ ಕಾರು ಅದು. ನನ್ನ ಹೆಸರಿನಲ್ಲೇ ಇದೆ, ಗದಗದ ಕೆಎ-26 ನಂಬರ್ ಇದೆ, ನಿಲ್ಲುವುದು ಗದಗ ಹತ್ತಿರದ ನಮ್ಮ ಊರಿನ ಮನೆ ಮುಂದೆ. ಶಾಲಾ ಮಾಸ್ತರರಾಗಿ ನಿವೃತ್ತರಾದ ಅಪ್ಪನಿಗೆ ಈಗ 67. ಅವ್ವನನ್ನು ದವಾಖಾನೆಗೆ, ಮದುವೆ–ಮುಂಜಿವೆಗೆ ಕರೆದೊಯ್ಯಲು ಇರಲಿ ಎಂದು ಕೊಡಿಸಿದ್ದು. ಆ್ಯಪ್ ಮಾತ್ರ ನನ್ನ ಫೋನಿನಲ್ಲಿ. ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಒಟ್ಟಿಗೆ ಡಬ್ಬಿ ಬಿಚ್ಚುವ ನಾಲ್ವರು ಕನ್ನಡಿಗರಲ್ಲಿ ಇಬ್ಬರದು ಇದೇ ಕಥೆ. ಕಾರು ಊರಲ್ಲಿ, ಅದರ ಆ್ಯಪ್ ಇಲ್ಲಿ. ಹಾಗಾಗಿ ಈ ಮೂರು ಸಾವಿರದ ಲೆಕ್ಕವನ್ನು ಬರೆದೇಬಿಡೋಣ ಅನಿಸಿತು.

ಮೊದಲು ಆ ದುಡ್ಡು ಯಾವುದಕ್ಕೆ ಎಂದು ನೋಡೋಣ. ಕಾರಿನೊಳಗೆ, ಡ್ಯಾಶ್‌ಬೋರ್ಡ್‌ನ ಹಿಂದೆಲ್ಲೋ ಒಂದು ಸಣ್ಣ ಡಬ್ಬಿ ಇರುತ್ತದೆ. ಅದರಲ್ಲಿ ಜಿಪಿಎಸ್, ಒಂದು ಮೋಡೆಮ್, ತೆಗೆಯಲಾಗದಂಥ ಒಂದು ಇ-ಸಿಮ್. ನಮ್ಮ ಫೋನ್ ನಂಬರಿಗೆ 10 ಅಂಕಿ ಇದ್ದರೆ, ಯಂತ್ರಗಳು ಯಂತ್ರಗಳ ಜೊತೆ ಮಾತಾಡುವ ಇಂಥ ಸಿಮ್‌ಗಳಿಗೆ 13 ಅಂಕಿ. ನಾನು ಪುಣೆಯಲ್ಲಿ ಆ್ಯಪ್ ಒತ್ತಿದರೆ ಆಜ್ಞೆ ನೇರವಾಗಿ ಕಾರಿಗೆ ಹೋಗುವುದಿಲ್ಲ. ಮೊದಲು ಕಂಪನಿಯ ಸರ್ವರ್, ಅಲ್ಲಿಂದ ಮೊಬೈಲ್ ನೆಟ್‌ವರ್ಕ್, ಅಲ್ಲಿಂದ ಆ ಡಬ್ಬಿ, ಡಬ್ಬಿಯಿಂದ ಬಾಗಿಲ ಲಾಕಿಗೋ ಎಸಿಗೋ. ನಾವು ಕಟ್ಟುವ ಚಂದಾ ಈ ಸಿಮ್ಮಿನ ಬಾಡಿಗೆ, ಸರ್ವರ್, ನಕ್ಷೆಯ ಪರವಾನಗಿ ಮತ್ತು 24 ಗಂಟೆ ಫೋನ್ ಎತ್ತುವ ಕಾಲ್ ಸೆಂಟರ್‌ಗಾಗಿ. ಕಾರು ಎಲ್ಲಿದೆ ಎಂದು ತಿಳಿಸುವ ಒಂದು ಸಂದೇಶ ಕೆಲವು ನೂರು ಬೈಟ್ ಅಷ್ಟೇ. ಇಂಥ ಕೆಲಸವನ್ನೇ ಮಾಡಿ ಹೊಟ್ಟೆ ಹೊರೆಯುವ ನನಗೆ ಅನಿಸುವುದು, ಇದರಲ್ಲಿ ನಿಜವಾಗಿ ಖರ್ಚಿರುವುದು ಮನುಷ್ಯರು ಕೂತಿರುವ ಆ ಕಾಲ್ ಸೆಂಟರಿಗೆ. ಉಳಿದದ್ದು ಹೆಚ್ಚಾಗಿ ನಮ್ಮ ಅಭ್ಯಾಸಕ್ಕೆ ಹಾಕಿದ ಬೆಲೆ.

ಅಭ್ಯಾಸ ಹಿಡಿಸುವ ಕೆಲಸ ನಮ್ಮಲ್ಲಿ ಜೋರಾಗಿ ಶುರುವಾದದ್ದು 2019ರಲ್ಲಿ. ಆ ವರ್ಷ ಮೇ ತಿಂಗಳಲ್ಲಿ ಹ್ಯುಂಡೈ ವೆನ್ಯೂ, ಜೂನ್‌ನಲ್ಲಿ ಎಂಜಿ ಹೆಕ್ಟರ್, ಆಗಸ್ಟ್‌ನಲ್ಲಿ ಕಿಯಾ ಸೆಲ್ಟೋಸ್ ಬಂದವು. ಹೆಕ್ಟರ್ ಅನ್ನು ‘ಇಂಟರ್ನೆಟ್ ಕಾರು’ ಎಂದೇ ಮಾರಿದರು. ನಂತರ ಟಾಟಾ, ಮಾರುತಿ, ಮಹೀಂದ್ರಾ, ಟೊಯೊಟಾ ಎಲ್ಲರಿಗೂ ಒಂದೊಂದು ಹೆಸರಿನ ಆ್ಯಪ್ ಬಂತು. ಮೊದಲ ಕೆಲವು ವರ್ಷ ಉಚಿತ ಎನ್ನುವುದು ವಾಡಿಕೆ. ಹಾಗೆ ಉಚಿತವಾಗಿ ಕೊಟ್ಟ ಎಷ್ಟೋ ಕಾರುಗಳ ಅವಧಿ ಈಗ ಮುಗಿದಿದೆ, ಇಲ್ಲವೇ ಮುಗಿಯುತ್ತಿದೆ.

ಒಂದು ಭಯ ಇಲ್ಲೇ ನಿವಾರಿಸಿಬಿಡುತ್ತೇನೆ. ನನ್ನ ಸಹೋದ್ಯೋಗಿಯೊಬ್ಬರು ‘ದುಡ್ಡು ಕಟ್ಟದಿದ್ದರೆ ಸ್ಕ್ರೀನೇ ಬಂದ್ ಆಗುತ್ತದಂತೆ’ ಎಂದು ಹೆದರಿ ಕಟ್ಟಿದ್ದರು. ಹಾಗಾಗುವುದಿಲ್ಲ. ಬ್ಲೂಟೂತ್, ಆಂಡ್ರಾಯ್ಡ್ ಆಟೊ, ಕಾರ್‌ಪ್ಲೇ, ಹಿಂಬದಿಯ ಕ್ಯಾಮೆರಾ ಇವುಗಳಿಗೂ ಈ ಚಂದಾಕ್ಕೂ ಸಂಬಂಧವಿಲ್ಲ. ಫೋನಿನ ಗೂಗಲ್ ಮ್ಯಾಪ್ ಪರದೆಯ ಮೇಲೆ ಬರುತ್ತಲೇ ಇರುತ್ತದೆ. ನಿಲ್ಲುವುದು ಕಂಪನಿಯ ಆ್ಯಪ್‌ನಿಂದ ನಡೆಯುವ ಕೆಲಸಗಳು ಮತ್ತು ಕಾರಿನ ಸ್ವಂತ ಸಿಮ್ಮಿನಿಂದ ನಡೆಯುವ ಕೆಲಸಗಳು ಮಾತ್ರ.

ಈಗ ನನ್ನ ಮೂರು ವರ್ಷದ ಬಳಕೆಯ ಲೆಕ್ಕ. ದೂರದಿಂದ ಎಸಿ ಹಾಕುವುದನ್ನು ಷೋರೂಂನಲ್ಲಿ ಬಹಳ ಹೊಗಳಿದ್ದರು. ಮೇ ತಿಂಗಳ ಗದಗದ ಬಿಸಿಲಿಗೆ ಅದು ವರವೇ. ಆದರೆ ಅಪ್ಪನಿಗೆ ಅದರ ಅಗತ್ಯ ಬೀಳಲಿಲ್ಲ. ಕಾರು ಬೇವಿನ ಮರದ ನೆರಳಲ್ಲಿ ನಿಂತಿರುತ್ತದೆ. ಬಾಗಿಲು ಲಾಕ್ ಆಗಿದೆಯೇ ಎಂದು ನೋಡಿದ್ದು ಹತ್ತಾರು ಬಾರಿ, ಪ್ರತಿಸಲವೂ ಲಾಕ್ ಆಗಿಯೇ ಇತ್ತು. ಧ್ವನಿಯಲ್ಲಿ ಆಜ್ಞೆ ಕೊಡುವುದನ್ನು ಅಪ್ಪ ಒಂದೇ ಸಲ ಪ್ರಯತ್ನಿಸಿದರು. ಅವರ ಗದಗಿನ ಇಂಗ್ಲಿಷ್ ಕೇಳಿದ ಕಾರು ರೇಡಿಯೊ ಹಾಕಿತು. ನಾನು ದಿನವೂ ಬಳಸಿದ್ದು ಒಂದನ್ನೇ: ಕಾರು ಈಗ ಎಲ್ಲಿದೆ?

ಪುಣೆಯಲ್ಲೋ ಮುಂಬೈಯಲ್ಲೋ ಸ್ವಂತ ಕಾರು ಇಟ್ಟುಕೊಂಡವರ ಅನುಭವ ಬೇರೆ. ನಮ್ಮ ಸೊಸೈಟಿಯಲ್ಲಿ ಕಾರು ನಿಲ್ಲಿಸುವುದು ಎರಡನೇ ಬೇಸ್‌ಮೆಂಟ್‌ನಲ್ಲಿ. ಅಲ್ಲಿ ನಮ್ಮ ಫೋನಿಗೇ ನೆಟ್‌ವರ್ಕ್ ಇಲ್ಲ, ಕಾರಿನ ಸಿಮ್ಮಿಗೆ ಎಲ್ಲಿಂದ ಬರಬೇಕು? ಮೇಲಿನಿಂದ ಎಸಿ ಹಾಕಿದರೆ ಎರಡು ನಿಮಿಷ ಚಕ್ರ ತಿರುಗಿ ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂದು ಬರುತ್ತದೆ. ಇನ್ನೊಂದು, ಆ ಡಬ್ಬಿ ಕಾರಿನ 12 ವೋಲ್ಟ್ ಬ್ಯಾಟರಿಯಿಂದಲೇ ಉಣ್ಣಬೇಕು. ಕಾರು ಹಲವು ದಿನ ನಿಂತೇ ಇದ್ದರೆ ಬ್ಯಾಟರಿ ಉಳಿಸಲು ಅನೇಕ ಮಾದರಿಗಳಲ್ಲಿ ಅದು ನಿದ್ದೆಗೆ ಜಾರುತ್ತದೆ. ಅಂದರೆ ರಜೆಗೆ ಊರಿಗೆ ಹೋಗಿ, ಬಿಟ್ಟುಬಂದ ಕಾರು ಹೇಗಿದೆಯೋ ಎಂದು ನೋಡಬೇಕೆನಿಸುವ ಹೊತ್ತಿಗೆ ಸರಿಯಾಗಿ ಅದು ಮಲಗಿರುತ್ತದೆ.

ಎಲೆಕ್ಟ್ರಿಕ್ ಕಾರಾದರೆ ನಾನು ಬೇರೆ ಮಾತು ಹೇಳುತ್ತೇನೆ. ಚಾರ್ಜ್ ಎಷ್ಟಾಯಿತು, ಯಾವಾಗ ತುಂಬುತ್ತದೆ, ನಡುವೆ ನಿಂತುಹೋಯಿತೇ ಎಂದು ನೋಡುವುದು ಅಲ್ಲಿ ದಿನದ ಅಗತ್ಯ. ಚಾರ್ಜರ್‌ಗೆ ಸಿಕ್ಕಿಸಿರುವಾಗಲೇ ಕಾರನ್ನು ತಂಪು ಮಾಡಿಕೊಂಡು ಹೊರಟರೆ ದಾರಿಯ ಬ್ಯಾಟರಿ ಉಳಿಯುತ್ತದೆ. ಅಂಥವರು ಕಟ್ಟಿದರೆ ದುಡ್ಡು ದಂಡವಲ್ಲ.

ನನ್ನ ಕಾರು ಪೆಟ್ರೋಲಿನದು. ಮತ್ತು ನಾನು ಕಟ್ಟಬೇಕೋ ಬೇಡವೋ ಎಂದು ಯೋಚಿಸುವಂತೆ ಮಾಡಿದ್ದು ಎರಡನೇ ವರ್ಷದ ಚಳಿಗಾಲದ ಒಂದು ರಾತ್ರಿ.

ಒಂದೂ ನಲವತ್ತಕ್ಕೆ ಫೋನ್ ಸದ್ದು ಮಾಡಿತು. ‘ನಿಮ್ಮ ಕಾರಿನ ಎಂಜಿನ್ ಚಾಲೂ ಆಗಿದೆ’. ಅಪ್ಪ ರಾತ್ರಿ ಒಂಬತ್ತೂವರೆಗೆ ಮಲಗುವವರು. ಅಪ್ಪನ ಫೋನಿಗೆ ಹಚ್ಚಿದೆ, ಎತ್ತಲಿಲ್ಲ. ಅವ್ವನ ಫೋನೂ ಅಷ್ಟೇ. ಆ್ಯಪ್ ತೆರೆದರೆ ನೀಲಿ ಚುಕ್ಕೆ ಊರು ದಾಟಿ ಹುಬ್ಬಳ್ಳಿ ರಸ್ತೆ ಹಿಡಿದಿತ್ತು. ಕಳ್ಳರು ಮನೆಗೆ ನುಗ್ಗಿ ಕೀಲಿ ಕಸಿದುಕೊಂಡಿದ್ದಾರೆ ಎಂದೇ ತಿಳಿದೆ. ಕಾರು ಹೋದರೆ ಹೋಗಲಿ, ಅಪ್ಪ–ಅವ್ವನಿಗೆ ಏನು ಮಾಡಿದ್ದಾರೋ! ಐನೂರು ಕಿಲೋಮೀಟರ್ ಹತ್ತಿರದ ದೂರದಲ್ಲಿ ಕೂತು ಆ ಚುಕ್ಕೆ ಸರಿಯುವುದನ್ನು ನೋಡುವುದಿದೆಯಲ್ಲ, ಆ ಸಂಕಟ ವೈರಿಗೂ ಬೇಡ.

ಕಾಲ್ ಸೆಂಟರಿಗೆ ಫೋನ್ ಮಾಡಿದೆ. ಕಾರು ಕಳುವಾದರೆ ಅದು ಒಮ್ಮೆ ನಿಂತ ಮೇಲೆ ಮತ್ತೆ ಚಾಲೂ ಆಗದಂತೆ ಮಾಡುವ ಸೌಲಭ್ಯ ನನ್ನ ಪ್ಯಾಕೇಜಿನಲ್ಲಿತ್ತು. ‘ಮಾಡಿ’ ಅಂದೆ. ಅತ್ತಕಡೆಯವರು ಬಹಳ ವಿನಯದಿಂದ, ‘ಸರ್, ಪೊಲೀಸ್ ದೂರಿನ ಪ್ರತಿ ಬೇಕಾಗುತ್ತದೆ’ ಎಂದರು. ನಾನು ರೇಗಾಡಿದೆ. ಅಷ್ಟರಲ್ಲಿ ಚುಕ್ಕೆ ಅಣ್ಣಿಗೇರಿ ಹತ್ತಿರ ರಸ್ತೆ ಬದಿಯಲ್ಲಿ ನಿಂತಿತು. ನಂಬರ್ ಪ್ಲೇಟ್ ಬದಲಿಸುತ್ತಿದ್ದಾರೆ, ಈಗ ನಿಲ್ಲಿಸಿಬಿಟ್ಟರೆ ಸಿಕ್ಕಿಬೀಳುತ್ತಾರೆ ಎಂದು ಕಿರುಚಿದೆ. ಅವರು ಮಣಿಯಲಿಲ್ಲ. 112ಕ್ಕೆ ಮಾಡೋಣ ಎಂದು ಕಾಲ್ ಕತ್ತರಿಸಿದಾಗ ಅವ್ವನ ಫೋನ್ ಬಂತು.

‘ಏನಾತೋ ತಮ್ಮಾ, ಇಷ್ಟೊತ್ತಿನ್ಯಾಗ ಹದಿನಾಕು ಸಲ ಫೋನ್ ಮಾಡೀದಿ? ಆರಾಮ ಅದಿಯಿಲ್ಲೋ?’ ನನಗೇನೋ ಆಗಿದೆ ಎಂದು ಅವಳ ಧ್ವನಿ ನಡುಗುತ್ತಿತ್ತು.

ಆಗಿದ್ದಿಷ್ಟು. ಪಕ್ಕದ ಮನೆಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಧ್ಯರಾತ್ರಿ ಬ್ಯಾನಿ ಶುರುವಾಗಿದೆ. ಏನೋ ತೊಡಕಿದೆ, ಹುಬ್ಬಳ್ಳಿಗೇ ಕರೆತನ್ನಿ ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಅವರು ಬಂದು ನಮ್ಮ ಬಾಗಿಲು ಬಡಿದಿದ್ದಾರೆ. ಅಪ್ಪ ಫೋನನ್ನು ಚಾರ್ಜಿಗೆ ಹಾಕಿದ್ದಲ್ಲೇ ಬಿಟ್ಟು ಹೊರಟಿದ್ದಾರೆ. ಅವ್ವ ಪಕ್ಕದ ಮನೆಯ ಅಜ್ಜಿಗೆ ಧೈರ್ಯ ಹೇಳುತ್ತ ಕೂತಿದ್ದಳು, ಅವಳ ಫೋನ್ ನಮ್ಮ ಅಡುಗೆಮನೆಯ ಕಟ್ಟೆ ಮೇಲೆ. ಅಣ್ಣಿಗೇರಿ ಹತ್ತಿರ ಕಾರು ನಿಂತದ್ದು ಹುಡುಗಿಗೆ ವಾಂತಿಯಾದ ಕಾರಣಕ್ಕೆ.

ಬೆಳಗಿನ ಜಾವ ಹೆಣ್ಣುಮಗು ಹುಟ್ಟಿತು, ಇಬ್ಬರೂ ಆರಾಮಾಗಿದ್ದರು. ನಾನು ಮಾತ್ರ ಬೆಳಗಿನತನಕ ಹಾಸಿಗೆಯ ಮೇಲೆ ಕೂತೇ ಇದ್ದೆ. ಆ ಕಾಲ್ ಸೆಂಟರಿನ ಹುಡುಗ ನನ್ನ ಗದರಿಕೆಗೆ ಹೆದರಿ, ನಿಯಮ ಬದಿಗಿಟ್ಟು, ‘ಆಯ್ತು ಸರ್’ ಎಂದು ಒಂದು ಗುಂಡಿ ಒತ್ತಿದ್ದರೆ? ಬ್ಯಾನಿ ತಿನ್ನುತ್ತಿದ್ದ ಹುಡುಗಿ, ನಡುರಾತ್ರಿಯ ಹೆದ್ದಾರಿ, ಚಾಲೂ ಆಗದ ಕಾರು, ಫೋನಿಲ್ಲದ ಅಪ್ಪ. ಕಾರು ಎಲ್ಲಿದೆ ಎಂದು ನನಗೆ ಪ್ರತಿ ನಿಮಿಷಕ್ಕೂ ಗೊತ್ತಿತ್ತು. ಯಾಕೆ ಅಲ್ಲಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅಪ್ಪ ಫೋನ್ ಮಾಡಿದರು. ಮಗುವಿನ ಸುದ್ದಿ ಎಲ್ಲ ಹೇಳಿ, ಸ್ವಲ್ಪ ತಡೆದು ಕೇಳಿದರು: ‘ಅಲ್ಲೋ, ನಾ ಗಾಡಿ ತಗದದ್ದು ನಿನಗ ಹ್ಯಾಂಗ ಗೊತ್ತಾತು?’

ಹೇಳಿದೆ. ಆ್ಯಪ್, ಸಿಮ್ಮು, ಚುಕ್ಕೆ ಎಲ್ಲ. ಕಾರು ಕೊಂಡಾಗ ಹೇಳಿದ್ದೆ ಎಂದುಕೊಂಡಿದ್ದೆ, ಆದರೆ ‘ಇಂಟರ್ನೆಟ್ ಐತಿ ಇದರಾಗ’ ಎಂದಷ್ಟೇ ಹೇಳಿದ್ದೆ ಅನಿಸುತ್ತದೆ. ಅಪ್ಪ ಸುಮ್ಮನಿದ್ದರು. ಆಮೇಲೆ, ‘ಹಂಗಾರ ದಿನಾ ಗೊತ್ತಾಗತೈತಿ ಅನ್ನು’ ಎಂದರು. ‘ಇರ್ಲಿ ಬಿಡು’ ಎಂದೂ ಸೇರಿಸಿದರು.

ಒಂದು ವಿಷಯ ಹೇಳಬೇಕು. ಅಪ್ಪ ಶನಿವಾರ ಮಧ್ಯಾಹ್ನ ಗೆಳೆಯರೊಬ್ಬರ ತೋಟಕ್ಕೆ ಹೋಗುತ್ತಿದ್ದರು. ದಾರಿಯಲ್ಲಿ ಮಿರ್ಚಿ ಕರಿಯುವ ಅಂಗಡಿಯ ಮುಂದೆ ಕಾರು ಕಾಲು ಗಂಟೆ ನಿಲ್ಲುತ್ತಿತ್ತು. ಅವರಿಗೆ ಬಿಪಿ ಇದೆ, ಕರಿದದ್ದು ಬೇಡ ಎಂದಿದ್ದಾರೆ. ಒಂದೆರಡು ಸಲ ಫೋನಿನಲ್ಲಿ ನಾನು ನಗುತ್ತ, ‘ಇವತ್ತು ಮಿರ್ಚಿ ಜೋರಾತೇನ್ರಿ?’ ಎಂದು ಕೇಳಿದ್ದೆ. ಮಗನಿಗೆ ತನ್ನ ಮನಸ್ಸು ಎಷ್ಟು ಗೊತ್ತು ಎಂದು ಅವರೂ ನಕ್ಕಿದ್ದರು. ಆ ನಗುವಿನ ಗುಟ್ಟು ಅಂದು ಅವರಿಗೆ ತಿಳಿಯಿತು. ಮುಂದಿನ ಎರಡು ತಿಂಗಳು ಕಾರು ದವಾಖಾನೆ ಮತ್ತು ಗುಡಿ ಬಿಟ್ಟು ಬೇರೆಲ್ಲಿಗೂ ಹೋಗಲಿಲ್ಲ. ‘ಅಪ್ಪಾರು ಶನಿವಾರ ಎಲ್ಲೂ ಹೋಗೂದಿಲ್ಲೇನು?’ ಎಂದು ಅವ್ವನನ್ನು ಕೇಳಿದರೆ, ‘ಹೋಗ್ತಾರ, ಹಳೇ ಸ್ಕೂಟರ್ ತಗೊಂಡು’ ಎಂದಳು. 67 ವರ್ಷದವರು ಕಾರು ಮನೆಯಲ್ಲಿಟ್ಟು ಲಾರಿಗಳ ನಡುವೆ ಸ್ಕೂಟರಿನಲ್ಲಿ! ಸುರಕ್ಷತೆಗೆಂದು ಇಟ್ಟುಕೊಂಡ ಸೌಲಭ್ಯ ಅಪ್ಪನನ್ನು ಸುರಕ್ಷಿತ ಗಾಡಿಯಿಂದಲೇ ಇಳಿಸಿತ್ತು.

ಮನೆಯವರ ಮಾತು ಹಾಗಿರಲಿ, ಈ ಮಾಹಿತಿ ಕಂಪನಿಗಳ ಕೈಯಲ್ಲಿ ಏನಾಗುತ್ತದೆ ಎಂಬುದಕ್ಕೆ ಹೊರದೇಶದ ಉದಾಹರಣೆಗಳಿವೆ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ತನ್ನ ಗ್ರಾಹಕರು ಎಷ್ಟು ಜೋರಾಗಿ ಬ್ರೇಕ್ ಹಾಕುತ್ತಾರೆ, ಎಷ್ಟು ವೇಗದಲ್ಲಿ ಹೋಗುತ್ತಾರೆ ಎಂಬ ವಿವರಗಳನ್ನು ದತ್ತಾಂಶ ಕಂಪನಿಗಳಿಗೆ ಕೊಡುತ್ತಿತ್ತು, ಅಲ್ಲಿಂದ ಅದು ವಿಮಾ ಕಂಪನಿಗಳಿಗೆ ಹೋಗುತ್ತಿತ್ತು ಎಂಬುದನ್ನು 2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ವಿಮೆಯ ಕಂತು ಏಕಾಏಕಿ ಏರಿದಾಗಲೇ ಕೆಲವರಿಗೆ ತಮ್ಮ ಕಾರು ಚಾಡಿ ಹೇಳುತ್ತಿದೆ ಎಂದು ತಿಳಿದದ್ದು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಐದು ವರ್ಷ ಹಾಗೆ ಮಾಹಿತಿ ಕೊಡದಂತೆ ನಿರ್ಬಂಧ ಹೇರುವ ಕ್ರಮ ಪ್ರಕಟಿಸಿತು. ಅದಕ್ಕೂ ಮೊದಲು, 2023ರಲ್ಲಿ ಮೊಜಿಲ್ಲಾ ಪ್ರತಿಷ್ಠಾನ 25 ಕಾರು ಬ್ರ್ಯಾಂಡ್‌ಗಳ ಖಾಸಗಿತನದ ನೀತಿಯನ್ನು ಪರಿಶೀಲಿಸಿದಾಗ ಒಂದೂ ಪಾಸಾಗಲಿಲ್ಲ. ನಮ್ಮಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ, ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಇತ್ತ ಓಡಿಸುವುದಕ್ಕೆ ತಕ್ಕಂತೆ ಕಂತು ನಿಗದಿಯಾಗುವ ವಿಮೆಗೆ ಐಆರ್‌ಡಿಎಐ 2022ರಲ್ಲೇ ಅನುಮತಿ ಕೊಟ್ಟಿದೆ. ಕಡಿಮೆ ಓಡಿಸುವವರಿಗೆ ಅದರಿಂದ ಲಾಭವೂ ಇದೆ. ಯಾವ ಮಾಹಿತಿ ಯಾರಿಗೆ ಎಂದು ಸಹಿ ಹಾಕುವ ಮುನ್ನ ಓದಿಕೊಂಡರೆ ಸಾಕು. ನಾವು ಓದುವುದಿಲ್ಲ. ನಾನೂ ಓದಿರಲಿಲ್ಲ.

ದುಡ್ಡು ಕಟ್ಟದಿದ್ದರೆ ಈ ರಗಳೆಯೇ ಇಲ್ಲವಲ್ಲ ಎಂದರೆ, ಅದೂ ಪೂರ್ತಿ ನಿಜವಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕೆಲವು ಭದ್ರತಾ ಸಂಶೋಧಕರು ಅಮೆರಿಕದ ಕಿಯಾ ಕಾರುಗಳಲ್ಲಿ ತಾವು ಕಂಡುಹಿಡಿದ ಒಂದು ದೋಷವನ್ನು ಪ್ರಕಟಿಸಿದರು. ನಂಬರ್ ಪ್ಲೇಟ್ ಒಂದಿದ್ದರೆ ಸಾಕು, ಸುಮಾರು ಅರ್ಧ ನಿಮಿಷದಲ್ಲಿ ಕಾರಿನ ಬಾಗಿಲು ತೆಗೆಯಬಹುದಿತ್ತು, ಎಲ್ಲಿದೆ ಎಂದು ನೋಡಬಹುದಿತ್ತು. ಚಂದಾ ಚಾಲ್ತಿಯಲ್ಲಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಪ್ರಕಟಿಸುವ ಮೊದಲೇ ಕಂಪನಿ ಅದನ್ನು ಸರಿಪಡಿಸಿತ್ತು. ನಾವು ದುಡ್ಡು ನಿಲ್ಲಿಸಿದರೆ ನಮ್ಮ ಆ್ಯಪ್ ನಿಲ್ಲುತ್ತದೆ, ಡಬ್ಬಿ ಕಾರಿನಲ್ಲೇ ಇರುತ್ತದೆ.

ಗ್ರಾಹಕರು ಸುಮ್ಮನಿದ್ದರೆ ಕಂಪನಿಗಳು ಎಲ್ಲಿಯವರೆಗೆ ಹೋಗುತ್ತವೆ ಎಂಬುದಕ್ಕೆ ಬಿಎಂಡಬ್ಲ್ಯು ಕಥೆ ಸಾಕು. 2022ರಲ್ಲಿ ದಕ್ಷಿಣ ಕೊರಿಯಾದಲ್ಲಿ, ಕಾರಿನಲ್ಲಿ ಆಗಲೇ ಅಳವಡಿಸಿದ್ದ ಬೆಚ್ಚನೆಯ ಸೀಟು ಬಳಸಲು ತಿಂಗಳಿಗೆ 18 ಡಾಲರ್‌ನಷ್ಟು ಕೇಳಿತು. ಜಗತ್ತೆಲ್ಲ ಗೇಲಿ ಮಾಡಿದ ಮೇಲೆ 2023ರಲ್ಲಿ ಆ ಯೋಚನೆ ಕೈಬಿಟ್ಟಿತು.

ಹಾಗಾದರೆ ಕಟ್ಟಬೇಕೇ? ನೀವೇ ಓಡಿಸುವವರು, ಕೈಯಲ್ಲಿ ಒಳ್ಳೆಯ ಫೋನಿದೆ, ಪೆಟ್ರೋಲ್ ಅಥವಾ ಡೀಸೆಲ್ ಕಾರು ಎಂದಾದರೆ ನನ್ನ ಮಟ್ಟಿಗೆ ಬೇಡ. ಎಲ್ಲಿದ್ದೀರಿ ಎಂದು ಮನೆಯವರಿಗೆ ತೋರಿಸಲು ವಾಟ್ಸ್‌ಆ್ಯಪ್‌ನ ಲೈವ್ ಲೊಕೇಶನ್ ಇದೆ, ಅದನ್ನು ಹಾಕುವುದೂ ತೆಗೆಯುವುದೂ ಓಡಿಸುವವರ ಕೈಯಲ್ಲೇ ಇರುತ್ತದೆ. ದಾರಿಯಲ್ಲಿ ಕೆಟ್ಟು ನಿಂತರೆ ಬರುವ ನೆರವು ಬಹುಶಃ ನಿಮ್ಮ ವಿಮೆಯ ಜೊತೆಗೇ ಇದೆ, ಪಾಲಿಸಿ ತೆಗೆದು ನೋಡಿ. ಹೆಚ್ಚುಕಡಿಮೆ ಅಷ್ಟೇ ದುಡ್ಡಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಕೊಂಡರೆ ರಾಷ್ಟ್ರೀಯ ಹೆದ್ದಾರಿಗಳಲ್ಲಿ 200 ಸಲ ಟೋಲ್ ದಾಟಬಹುದು. ಪುಣೆಯಿಂದ ಸಾತಾರಾ, ಕೊಲ್ಹಾಪುರ ಹಾದು ಹಬ್ಬಹಬ್ಬಕ್ಕೂ ಊರಿಗೆ ಓಡುವ ನಮ್ಮಂಥವರಿಗೆ ಆ ದುಡ್ಡು ಕಣ್ಣಿಗೆ ಕಾಣುವಂತೆ ವಾಪಸ್ ಬರುತ್ತದೆ.

ಫೋನ್ ಪೂರ್ತಿ ತುಂಬಲಾಗದ ಜಾಗ ಒಂದೇ, ಆ ಕೆಂಪು ಎಸ್‌ಒಎಸ್ ಗುಂಡಿ. ಅಪಘಾತವಾಗಿ ಏರ್‌ಬ್ಯಾಗ್ ತೆರೆದುಕೊಂಡರೆ ಇಂಥ ಎಷ್ಟೋ ಕಾರುಗಳು ತಾವಾಗಿಯೇ ಕಾಲ್ ಸೆಂಟರಿಗೆ ಕರೆ ಮಾಡುತ್ತವೆ, ಜಾಗವನ್ನೂ ತಿಳಿಸುತ್ತವೆ. ಐಫೋನ್ 14ರಿಂದೀಚಿನ ಫೋನುಗಳಿಗೂ ಅಪಘಾತ ಗುರುತಿಸುವ ಶಕ್ತಿಯಿದೆ. ಆದರೆ ಅಪ್ಪನ ಬಳಿ ಇರುವುದು ಅಂಥ ಫೋನಲ್ಲ, ಇರುವ ಫೋನೂ ಸರಿಯಾದ ಹೊತ್ತಿಗೆ ಮನೆಯಲ್ಲಿ ಚಾರ್ಜ್ ಆಗುತ್ತಿರುತ್ತದೆ ಎಂದು ಅಂದೇ ಕಂಡೆನಲ್ಲ. ವಯಸ್ಸಾದವರು ಹೆದ್ದಾರಿಯಲ್ಲಿ ಓಡಿಸುವ ಕಾರಿಗೆ, ರಾತ್ರಿ ಒಬ್ಬರೇ ಡ್ಯೂಟಿ ಮುಗಿಸಿ ಬರುವ ಹೆಣ್ಣುಮಕ್ಕಳ ಕಾರಿಗೆ ಈ ಗುಂಡಿಯ ಸಲುವಾಗಿ ದುಡ್ಡು ಕೊಟ್ಟರೆ ನಾನು ಬೇಡ ಎನ್ನಲಾರೆ. ಕಟ್ಟುವ ಮುನ್ನ ನಿಮ್ಮ ಪ್ಯಾಕೇಜಿನಲ್ಲಿ ಅದು ಇದೆಯೇ ಎಂದು ಕೇಳಿಕೊಳ್ಳಿ, ಎಲ್ಲ ಪ್ಯಾಕೇಜಿನಲ್ಲೂ ಇರುತ್ತದೆ ಎಂದುಕೊಳ್ಳಬೇಡಿ. ಕಾರು ಮಾರುವಾಗ ಆ್ಯಪ್‌ನಿಂದ ಅದನ್ನು ಬಿಡಿಸುವುದನ್ನೂ ಮರೆಯಬೇಡಿ. ಹಳೇ ಕಾರು ಕೊಳ್ಳುವವರಂತೂ ಮೊದಲ ದಿನವೇ ಹಳೇ ಮಾಲೀಕರ ನಂಬರ್ ತೆಗೆಸಿ. ಇಲ್ಲದಿದ್ದರೆ ನಿಮ್ಮ ಕಾರು ಎಲ್ಲಿದೆ ಎಂದು ಇನ್ಯಾರೋ ನೋಡುತ್ತಿರುತ್ತಾರೆ.

ಸಂದೇಶ ಬಂದ ಮುಂದಿನ ವಾರ ಊರಿಗೆ ಹೋಗಿದ್ದೆ. ಜಗುಲಿಯ ಮೇಲೆ ಕೂತು ಅಪ್ಪನ ಮುಂದೆ ವಿಷಯ ಇಟ್ಟೆ. ‘ರೊಕ್ಕ ನಿಂದು, ಗಾಡಿ ನಿಂದು, ನನ್ನ ಕೇಳೂದೇನೈತಿ’ ಎಂದರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ, ‘ಆ ಕೆಂಪು ಗುಂಡಿ ಇರ್ಲಿ. ನಿಮ್ಮವ್ವ ಕುಂತಿರತಾಳ ಗಾಡ್ಯಾಗ. ಉಳದದ್ದು ಬ್ಯಾಡ’ ಎಂದರು.

ಕಂಪನಿಗೆ ಫೋನ್ ಮಾಡಿ ಬರೀ ಆ ಗುಂಡಿಗೆ ಎಷ್ಟು ಎಂದು ಕೇಳಿದೆ. ಬಿಡಿಯಾಗಿ ಕೊಡುವುದಿಲ್ಲವಂತೆ, ಪೂರ್ತಿ ಪ್ಯಾಕೇಜೇ ಕೊಳ್ಳಬೇಕು. ಒಂದು ವರ್ಷಕ್ಕೆ ಮಾತ್ರ ಕಟ್ಟಿದೆ, ಮೂರು ವರ್ಷದ ರಿಯಾಯಿತಿ ಬೇಡವೆಂದೆ. ಮುಖ್ಯ ಬಳಕೆದಾರರ ನಂಬರ್ ಬದಲಿಸಲು ಆಧಾರ್, ಆರ್‌ಸಿ, ಒಟಿಪಿ ಎಂದು ಎರಡು ದಿನ ಹಿಡಿಯಿತು. ಈಗ ಆ್ಯಪ್ ಅಪ್ಪನ ಫೋನಿನಲ್ಲಿದೆ, ನನ್ನ ಫೋನಿನಿಂದ ಅವರೆದುರಿಗೇ ತೆಗೆದುಹಾಕಿದೆ. ತಮ್ಮ ಕಾರು ತಮ್ಮ ಮನೆ ಮುಂದೆಯೇ ಇದೆ ಎಂದು ತೋರಿಸುವ ಚುಕ್ಕೆಯನ್ನು ಅವರು ಒಂದೆರಡು ದಿನ ಅವ್ವನಿಗೆ ತೋರಿಸಿ ನಕ್ಕರು.

ಹೋದ ಶನಿವಾರ ಕಾರಿನಲ್ಲೇ ತೋಟಕ್ಕೆ ಹೋಗಿದ್ದರಂತೆ, ಅವ್ವ ಹೇಳಿದಳು. ಮಿರ್ಚಿ ತಿಂದರೋ ಇಲ್ಲವೋ ನಾನು ಕೇಳಲಿಲ್ಲ. ಫಾಸ್ಟ್ಯಾಗ್ ಮಾತ್ರ ಇನ್ನೂ ನನ್ನ ನಂಬರಿನಲ್ಲೇ ಇದೆ. ಹುಬ್ಬಳ್ಳಿ ದಾರಿಯ ಟೋಲ್ ದಾಟಿದಾಗಲೆಲ್ಲ ನನಗೆ ಮೆಸೇಜ್ ಬರುತ್ತದೆ. ಅದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ.